ಖೈರಡೋಹದ ಬೋರ್ಡು

ನಮ್ಮ ಕಟ್ಟಡದ ತಾರಸಿಯ ಮೇಲಿನ ನೀರಿನ ಟಾಕಿಗೆ ಎಷ್ಟೋ ಕಾಲ ಮುಚ್ಚಳವಾಗಿದ್ದದ್ದು ಒಂದು ಸರಕಾರಿ ಬೋರ್ಡು. ಬಿಳಿ ಬಣ್ಣ ಬಳಿದ ದಪ್ಪ ತಗಡು, ಮೂಲೆಯಲ್ಲಿ ಕೆಂಪು ಕೂಡು ಗುರುತು, ನಡುವೆ ಮರಾಠಿಯಲ್ಲಿ ‘ಆರೋಗ್ಯ ಉಪಕೇಂದ್ರ, ಖೈರಡೋಹ’ ಎಂಬ ದೊಡ್ಡ ಅಕ್ಷರ. ಗಾಳಿಗೆ ಹಾರದಿರಲಿ ಎಂದು ಮೇಲೆ ಎರಡು ಇಟ್ಟಿಗೆ. ಇದು ಇಲ್ಲಿಗೆ ಹೇಗೆ ಬಂತು ಎಂದು ಒಮ್ಮೆ ಕೇಳಿದ್ದಕ್ಕೆ ಮೇಲಿನ ಮನೆಯ ಶಿವಪ್ರಸಾದ್ ಬಡಿಗೇರ್, “ಸರಕಾರದ್ದ್ರೀ ಅಕ್ಕಾರ. ಇಡಾಕ ಜಾಗಾ ಇಲ್ಲಂತ ನನ್ನ ಕಡೆ ಐತಿ” ಅಂದರು. ನಾನೂ ಸುಮ್ಮನಾದೆ. ನಾಗಪುರದ ಬಿಸಿಲಿಗೆ ಟಾಕಿಯ ನೀರು ಕುದಿಯದಿದ್ದರೆ ಸಾಕು, ಮುಚ್ಚಳ ಯಾರದಾದರೇನು ಅನ್ನಿಸಿತ್ತು.

ಶಿವಪ್ರಸಾದ್ ಒಂದು ಸರಕಾರಿ ಕಚೇರಿಯಲ್ಲಿ ಡ್ರೈವರ್ ಆಗಿದ್ದು ನಿವೃತ್ತರಾದವರು. ಯಾವ ಕಚೇರಿ ಎಂದು ಹೇಳುವುದಿಲ್ಲ. ಹೇಳಿದರೆ ಅದೊಂದೇ ಕೆಟ್ಟದ್ದು, ಉಳಿದವೆಲ್ಲ ತುಳಸಿಕಟ್ಟೆ ಎಂದು ನೀವು ನೆಮ್ಮದಿಯಾಗಿ ಇದ್ದುಬಿಡುತ್ತೀರಿ. ಅವರ ತಂದೆ ಗದಗ ಕಡೆಯಿಂದ ಇಲ್ಲಿನ ಮದ್ದುಗುಂಡಿನ ಕಾರ್ಖಾನೆಗೆ ಮರಗೆಲಸಕ್ಕೆ ಬಂದವರು. ಮಗ ಹುಟ್ಟಿದ್ದು, ಓದಿದ್ದು ಎಲ್ಲ ನಾಗಪುರದಲ್ಲೇ, ಮರಾಠಿ ಶಾಲೆಯಲ್ಲಿ. ಕನ್ನಡ ಬಾಯಲ್ಲಿತ್ತು, ಕಣ್ಣಿಗೆ ಬರುತ್ತಿರಲಿಲ್ಲ. ಮನೆಯಲ್ಲಿ ಕನ್ನಡ ಓದುತ್ತಿದ್ದವಳು ಹೆಂಡತಿ ಜಲಜಾ ಒಬ್ಬಳೇ. ನಮ್ಮೂರಿನಿಂದ ನನಗೆ ಬರುತ್ತಿದ್ದ ವಾರಪತ್ರಿಕೆಯನ್ನು ನನಗಿಂತ ಮೊದಲು ಅವಳೇ ಓದಿ, ಪದಬಂಧದ ಚೌಕಗಳನ್ನೆಲ್ಲ ತುಂಬಿ, ಆಮೇಲೆ ನನಗೆ ಕೊಡುತ್ತಿದ್ದಳು. ನಾನು ಮೈಸೂರಿನವಳು, ರೈಲ್ವೆಯಲ್ಲಿದ್ದ ಗಂಡನ ಹಿಂದೆ ಬಂದು ಇಲ್ಲೇ ಬೇರು ಬಿಟ್ಟವಳು. ಹೆಸರು ರಮಾ. ಸಿಟ್ಟು ಸ್ವಲ್ಪ ಬೇಗ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ.

ಬೋರ್ಡಿನ ಕಥೆಯನ್ನು ಅವರು ನನಗೆ ಹೇಳಿದ್ದು ಜಲಜಾ ಹೋದ ಮೇಲೆ. ಊರಿನ ಹವಾಮಾನ ಹೇಳುವವರ ಹಾಗೆ ಹೇಳಿದರು.

ಉಮರೇಡ್ ಕಡೆಯ ಹಳ್ಳಿಗಳಿಗೆ ಸರಕಾರ ನಾಲ್ಕು ಆರೋಗ್ಯ ಉಪಕೇಂದ್ರಗಳನ್ನು ಮಂಜೂರು ಮಾಡಿತ್ತಂತೆ. ಕಟ್ಟಿದ್ದು ಒಂದೇ, ಸಾವರಟೋಲಿ ಎಂಬಲ್ಲಿ. ಉಳಿದ ಮೂರು ಕಟ್ಟಡಗಳ ದುಡ್ಡು ಖರ್ಚಾಗಿತ್ತು, ಕಟ್ಟಡಗಳು ಮಾತ್ರ ಎದ್ದಿರಲಿಲ್ಲ. ಮುಂಬೈಯಿಂದ ತಪಾಸಣೆಯವರು ಬರುತ್ತಾರೆ ಎಂದಾಗ ಕಚೇರಿಯ ಸಾಹೇಬರು ಶಿವಪ್ರಸಾದರನ್ನು ಕರೆದು, ನೀನು ಬಡಿಗೇರ ಅಲ್ಲವಾ, ಈ ಬೋರ್ಡುಗಳಿಗೆ ಸುಲಭವಾಗಿ ತೂಗುಹಾಕಿ ತೆಗೆಯುವ ಹಾಗೆ ಕೊಂಡಿ ಮಾಡು ಅಂದರು. ಇವರು ಮಾಡಿದರು. ಅಪ್ಪನಿಂದ ಬಂದ ಕೈ, ಕೊಂಡಿಗಳು ಚೆನ್ನಾಗಿಯೇ ಕೂತವು.

ಆಮೇಲಿನದು ಪ್ರತಿ ತಪಾಸಣೆಗೂ ಒಂದೇ ಪದ್ಧತಿ. ಬೆಳಿಗ್ಗೆ ಅಧಿಕಾರಿಗಳನ್ನು ಸಾವರಟೋಲಿಗೆ ಕರೆದೊಯ್ಯುವುದು. ಮುಂದಿನ ಗೇಟು, ಹಳದಿ ಗೋಡೆ, ಬಾಗಿಲಲ್ಲಿ ನರ್ಸು. ಅಲ್ಲಿಂದ ಗೆಸ್ಟ್ ಹೌಸಿಗೆ. ಶಾಲು, ತೆಂಗಿನಕಾಯಿ, ನಾಗಪುರದ ಖಾರದ ಸಾವಜಿ ಮಟನ್ನು, ಕೊನೆಗೆ ಕಿತ್ತಳೆ ಬರ್ಫಿ. ಅವರು ಉಣ್ಣುವಷ್ಟರಲ್ಲಿ ಶಿವಪ್ರಸಾದ್ ಹೋಗಿ ಅದೇ ಕಟ್ಟಡದ ಹಿಂಬದಿಗೆ ಖೈರಡೋಹದ ಬೋರ್ಡು ತೂಗುಹಾಕಿ ಬರುವುದು. ಹಿಂಬದಿಯ ಗೋಡೆಗೆ ನೀಲಿ ಬಳಿಸಿದ್ದರು, ಅಲ್ಲೂ ಒಂದು ಗೇಟು ಇಡಿಸಿದ್ದರು. ಊಟವಾದ ಮೇಲೆ ಗಾಡಿಯಲ್ಲಿ ಎಸಿ ಹಾಕಿ, ಒಳರಸ್ತೆಗಳಲ್ಲಿ ಮಧ್ಯಾಹ್ನವೆಲ್ಲ ಸುತ್ತಿಸುವುದು. ಸಾವಜಿ ಮಸಾಲೆ ಹೊಟ್ಟೆಯಲ್ಲಿ ಕೂತ ಮೇಲೆ ಯಾವ ಅಧಿಕಾರಿ ಕಣ್ಣು ಬಿಟ್ಟಿರುತ್ತಾನೆ. ನೀಲಿ ಗೋಡೆಯ ಮುಂದೆ ಗಾಡಿ ನಿಲ್ಲಿಸಿ, ಬಾಗಿಲು ತೆಗೆದು, ಶಿವಪ್ರಸಾದ್ “ಆಲಂ, ಸಾಹೇಬ್” ಅನ್ನುತ್ತಿದ್ದರು. ಬಂತು, ಸಾಹೇಬ್. ಸೀರೆ ಬದಲಿಸಿಕೊಂಡ ಅದೇ ನರ್ಸು ಬಾಗಿಲಲ್ಲಿ ನಿಂತಿರುತ್ತಿದ್ದಳು. ಅಧಿಕಾರಿಗಳು ಬೋರ್ಡಿನ ಕೆಳಗೆ ನಿಂತು ಫೋಟೋ ತೆಗೆಸಿಕೊಂಡು, ಚಹಾ ಕುಡಿದು ಹೊರಡುತ್ತಿದ್ದರು. ಉಳಿದ ಎರಡು ಹೆಸರುಗಳು ಮರುದಿನಕ್ಕೆ.

“ಅವರಿಗೆ ಗೊತ್ತಾಗ್ತಿರಲಿಲ್ವಾ?” ಎಂದು ಕೇಳಿದೆ.

“ಗೊತ್ತಿದ್ದವ್ರಿಗೆ ಗೊತ್ತಿತ್ತ್ರೀ. ಗೊತ್ತಿಲ್ಲದವ್ರು ಕೇಳಲಿಲ್ಲ.”

“ನಿಮಗೆ ಏನೂ ಅನ್ನಿಸ್ತಿರಲಿಲ್ವಾ?”

ಅವರು ಸುಳ್ಳು ಹೇಳುವ ಮನುಷ್ಯ ಅಲ್ಲ, ಅದೇ ನನಗೆ ಇನ್ನೂ ಸಿಟ್ಟು. “ನಂದು ಗಾಡಿ ಹೊಡಿಯೂ ಕೆಲಸಾರೀ. ಮೊದಲ ಸಲ ಏನೋ ಅನಸಿತ್ತು. ಆಮ್ಯಾಲ ಬೋರ್ಡ ಹಾಕೂದು ಅಂದ್ರ ಗಾಡಿಗೆ ಡೀಸೆಲ್ ಹಾಕಿಸಿದಂಗ ಆತು.”

ನಿವೃತ್ತಿಯ ದಿನ ಬೋರ್ಡುಗಳನ್ನು ಕಚೇರಿಯ ಸ್ಟೋರಿಗೆ ಒಪ್ಪಿಸಲು ಹೋದರೆ ಸ್ಟೋರಿನವನು ತೆಗೆದುಕೊಳ್ಳಲಿಲ್ಲ. ಅವನ ಪ್ರಕಾರ ಆ ಬೋರ್ಡುಗಳು ಆಯಾ ಊರಿನ ಕಟ್ಟಡಗಳ ಮೇಲೆ ತೂಗುತ್ತಿದ್ದವು. ಅಲ್ಲಿ ತೂಗುತ್ತಿರುವುದನ್ನು ಇಲ್ಲಿ ಹೇಗೆ ಜಮಾ ಮಾಡಿಕೊಳ್ಳುವುದು ಎಂಬುದು ಅವನ ಪ್ರಶ್ನೆ. ಸರಿಯಾದ ಪ್ರಶ್ನೆಯೇ. ಶಿವಪ್ರಸಾದ್ ಅವುಗಳನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಮನೆಗೆ ತಂದರು. ಉಳಿದ ಎರಡು ತುಕ್ಕು ಹಿಡಿದು ಗುಜರಿಗೆ ಹೋದವು. ಖೈರಡೋಹದ್ದು ಗಟ್ಟಿಯಾಗಿತ್ತು, ಟಾಕಿಯ ಮೇಲೆ ಕೂತಿತು.

ಜಲಜಾಳಿಗೆ ದಮ್ಮು ಇತ್ತು. ಚಳಿಗಾಲದಲ್ಲಿ ಅವಳು ಉಸಿರೆಳೆಯುವುದು ಕೆಳಗೆ ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು. ಆದರೆ ಅವಳನ್ನು ಕಾಡಿದ್ದು ಹೋದ ವರ್ಷದ ಮೇ ತಿಂಗಳು. ಉಮರೇಡಿನ ಕಲ್ಲಿದ್ದಲು ಗಣಿಯ ಕಾಲೊನಿಯಲ್ಲಿ ಅವಳ ತಂಗಿಯ ಮನೆಯಿದೆ. ಅಲ್ಲಿ ಮೊಮ್ಮಗುವಿನ ಹೆಸರಿಡುವ ಕಾರ್ಯಕ್ಕೆ ಗಂಡ ಹೆಂಡತಿ ಇಬ್ಬರೇ ಹೊರಟರು. ಕಾರು ನಮ್ಮದು. ಮಗಳು ಧನಶ್ರೀಗೆ ರಾಮದಾಸಪೇಠದ ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ, ಅವಳಿಗೆ ರಜೆ ಸಿಗಲಿಲ್ಲ.

ದಾರಿಯಲ್ಲಿ ಕಲ್ಲಿದ್ದಲ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಶಿವಪ್ರಸಾದ್ ಒಳರಸ್ತೆ ಹಿಡಿದರು. ಆ ಒಳರಸ್ತೆಗಳು ಅವರಿಗೆ ಅಂಗೈ ಗೆರೆಗಳಷ್ಟು ಗೊತ್ತು, ತೂಕಡಿಸುವ ಅಧಿಕಾರಿಗಳನ್ನು ಸುತ್ತಿಸಿದ್ದು ಅಲ್ಲೇ ತಾನೆ. ಧೂಳು, ಮೇಲಿಂದ ಬೆಂಕಿಯಂಥ ಬಿಸಿಗಾಳಿ. ಜಲಜಾಳಿಗೆ ಉಸಿರು ಕಟ್ಟತೊಡಗಿತು. ದಮ್ಮಿನ ಪಂಪು ಬಾಯಿಗಿಟ್ಟು ಒತ್ತಿದಳು, ಅದು ಬರಿದಾಗಿತ್ತು. ಇನ್ನೊಂದು ಪಂಪು ಮನೆಯ ಫ್ರಿಜ್ಜಿನ ಮೇಲಿತ್ತು.

ಮುಂದೆ ರಸ್ತೆ ಎರಡಾಗಿ ಒಡೆಯುತ್ತದೆ. ಎಡಕ್ಕೆ ಹೋದರೆ ಉಮರೇಡ್, ದೊಡ್ಡ ಆಸ್ಪತ್ರೆ, ಆದರೆ ಸ್ವಲ್ಪ ದೂರ. ಬಲಕ್ಕೆ ಹೋದರೆ ಖೈರಡೋಹ, ಹತ್ತಿರ. ಶಿವಪ್ರಸಾದ್ ಒಂದು ಗಳಿಗೆಯೂ ಯೋಚಿಸದೆ ಬಲಕ್ಕೆ ತಿರುಗಿಸಿದರು.

ಇದನ್ನು ನಾನು ಎಷ್ಟು ಸಲ ಕೇಳಿದರೂ ನನ್ನ ತಲೆಗೆ ಹೋಗುವುದಿಲ್ಲ. ಬೋರ್ಡಿಗೆ ಕೊಂಡಿ ಮಾಡಿದ್ದು ಇವರ ಕೈ. ತೂಗುಹಾಕಿದ್ದು ಇವರು, ತೆಗೆದದ್ದು ಇವರು. ಆ ಹೊತ್ತಿನಲ್ಲಿ ಅವರಿಗೆ ಬೋರ್ಡು ನೆನಪಾಗಲಿಲ್ಲ. ನೀಲಿ ಗೋಡೆ ನೆನಪಾಯಿತು, ಒಳಗೆ ಮೂಲೆಯಲ್ಲಿ ನಿಂತಿದ್ದ ಆಮ್ಲಜನಕದ ಸಿಲಿಂಡರು ನೆನಪಾಯಿತು, ಬಾಗಿಲಲ್ಲಿ ಸೀರೆ ಸರಿಪಡಿಸಿಕೊಳ್ಳುತ್ತಿದ್ದ ನರ್ಸು ನೆನಪಾದಳು. ಖೈರಡೋಹ ಅಂದರೆ ನೀಲಿ ಗೋಡೆ ಎಂದು ಅವರೊಳಗೆ ಅಚ್ಚಾಗಿಹೋಗಿತ್ತು. ಅಷ್ಟು ಸಲ ಬೇರೆಯವರಿಗೆ ಹೇಳಿದ್ದನ್ನು ಕೊನೆಗೆ ತಾವೂ ನಂಬಿದ್ದರು.

ಖೈರಡೋಹದ ಹೊರಗೆ ಒಂದು ಬೇವಿನ ಮರ, ಆಚೆ ಬೀಳು ಹೊಲ. ಶಿವಪ್ರಸಾದ್ ಕಾರು ನಿಲ್ಲಿಸಿ ಇಳಿದು, ಆಸ್ಪತ್ರೆ ಎಲ್ಲಿ ಎಂದು ಸುತ್ತ ನೋಡಿದರು. ಆಡು ಕಾಯುತ್ತಿದ್ದ ಮುದುಕಿಯೊಬ್ಬಳು, ಇಲ್ಲಿ ಯಾವ ಕಾಲಕ್ಕೂ ಆಸ್ಪತ್ರೆ ಇರಲಿಲ್ಲವಲ್ಲಪ್ಪಾ ಅಂದಳು. ಇವರು ಅವಳಿಗೆ, ಐತಿ, ನಾ ನೋಡೀನಿ ಎಂದು ವಾದಿಸಿದರಂತೆ. ವಾದಿಸುತ್ತಿರುವಾಗಲೇ ತಾರಸಿಯ ಮೇಲಿನ ಟಾಕಿ ನೆನಪಾಯಿತು. ತಿರುಗಿ ಕಾರಿಗೆ ಬರುವಷ್ಟರಲ್ಲಿ ಜಲಜಾಳ ಕತ್ತು ವಾಲಿತ್ತು.

ಎಡಕ್ಕೆ ತಿರುಗಿದ್ದರೆ ಬದುಕುತ್ತಿದ್ದಳೇ? ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ.

ಹಳ್ಳಿಯವರು ಗ್ರಾಮಸೇವಕನನ್ನು ಕರೆತಂದರು. ಗೌತಮ್ ಎಂದು ಹೆಸರು, ಮೂವತ್ತರ ಆಸುಪಾಸಿನವನು. ಅವನು ಬಾಟಲಿಯಿಂದ ಇವರಿಗೆ ನೀರು ಕುಡಿಸಿ, ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದ. ಕಾಕಾ, ರಸ್ತೆಯಲ್ಲಿ ಸತ್ತರು ಎಂದು ಬರೆದರೆ ಪೊಲೀಸರು ಬರುತ್ತಾರೆ, ಪಂಚನಾಮೆ ಆಗುತ್ತದೆ, ದೇಹ ಕೊಯ್ಯುತ್ತಾರೆ. ನಾಳೆ ಸಂಜೆಯವರೆಗೂ ನಿಮಗೆ ಕೊಡುವುದಿಲ್ಲ. ಕಂಪ್ಯೂಟರಿನಲ್ಲಿ ನಮ್ಮೂರ ಹೆಸರಿನ ಕೆಳಗೆ ಉಪಕೇಂದ್ರ ಅಂತ ಒಂದು ಇದೆ. ಅಲ್ಲಿ ತೀರಿಕೊಂಡರು ಅಂತ ಹಾಕಿಬಿಡಲಾ?

ಶಿವಪ್ರಸಾದ್ ತಲೆಯಾಡಿಸಿ ಒಪ್ಪಿದರು. ಹೀಗೆ ಜಲಜಾ ಬಡಿಗೇರ್, ಇಲ್ಲದ ಆಸ್ಪತ್ರೆಯೊಂದರಲ್ಲಿ ಕೊನೆಯುಸಿರೆಳೆದಳು.

ಆಮೇಲೆ ಮೇಲಿನ ಮನೆಯಲ್ಲಿ ಸದ್ದೇ ಇರಲಿಲ್ಲ. ಶಿವಪ್ರಸಾದ್ ಬೆಳಿಗ್ಗೆ ಹಾಲು ತರುತ್ತಿದ್ದರು, ಟಿವಿ ಮುಂದೆ ಕೂರುತ್ತಿದ್ದರು, ಟಿವಿ ಹಾಕಿರುತ್ತಿರಲಿಲ್ಲ. ಅಳಲಿಲ್ಲ. ನಾನು ವಾರಪತ್ರಿಕೆ ಬಂದಾಗ ಅಭ್ಯಾಸಬಲದಿಂದ ಮೇಲಕ್ಕೆ ಕೊಟ್ಟು ಕಳಿಸಿದೆ, ಅವರು ಅದನ್ನು ಹಾಗೇ ವಾಪಸು ತಂದುಕೊಟ್ಟರು. ಪದಬಂಧದ ಚೌಕಗಳು ಖಾಲಿ ಇದ್ದವು. ಆ ಪುಟ ನೋಡಿ ಅತ್ತವಳು ನಾನು.

ಮಳೆಗಾಲ ಮುಗಿದ ಮೇಲೆ ಗೌತಮ್ ಒಂದು ದಿನ ಹುಡುಕಿಕೊಂಡು ಬಂದ. ಮುಖ ಬಾಡಿತ್ತು. ಖೈರಡೋಹದ ಹೆಂಗಸರು ನಮ್ಮೂರಿಗೆ ಉಪಕೇಂದ್ರ ಎಲ್ಲಿ ಎಂದು ಜಿಲ್ಲೆಯವರೆಗೂ ಹೋಗಿ ದೂರು ಕೊಟ್ಟಿದ್ದರು. ಕಾರಿನಲ್ಲಿ ಸತ್ತ ಹೆಂಗಸನ್ನು ಅವರು ಕಣ್ಣಾರೆ ಕಂಡಿದ್ದರು, ನಾಳೆ ನಮಗೂ ಇದೇ ಗತಿ ಎಂದು ಅವರಿಗೆ ದಿಗಿಲು. ಅದಕ್ಕೆ ಕಚೇರಿಯಿಂದ ಉತ್ತರ ಹೋಗಿತ್ತು. ಉಪಕೇಂದ್ರ ಇದೆ, ನಡೆಯುತ್ತಿದೆ, ಮೇ ತಿಂಗಳಲ್ಲಿ ಜಲಜಾ ಎಂಬ ರೋಗಿಗೆ ಅಲ್ಲಿ ಚಿಕಿತ್ಸೆ ಕೊಟ್ಟರೂ ಉಳಿಸಿಕೊಳ್ಳಲಾಗಲಿಲ್ಲ, ಮರಣ ಪ್ರಮಾಣಪತ್ರ ಲಗತ್ತಿಸಿದೆ. ಗೌತಮ್, “ಕಾಕಾ, ನಾನು ಒಳ್ಳೆಯದಾಗಲಿ ಅಂತ ಬರೆದೆ” ಎಂದು ಮರಾಠಿಯಲ್ಲಿ ಮತ್ತೆ ಮತ್ತೆ ಹೇಳಿದ. ಹೊಸದಾಗಿ ಬಂದ ಮೇಲಧಿಕಾರಿ ಮ್ಯಾಡಮ್ಮು ಒಮ್ಮೆ ಸ್ಥಳ ನೋಡಿ ಆ ದೂರನ್ನು ಮುಗಿಸುವವರಿದ್ದರು. ಮುಗಿದರೆ ಖೈರಡೋಹಕ್ಕೆ ಇನ್ನು ಯಾವತ್ತೂ ಆಸ್ಪತ್ರೆಯಿಲ್ಲ, ಯಾಕೆಂದರೆ ಈಗಾಗಲೇ ಇದೆ.

ಎರಡು ದಿನ ಬಿಟ್ಟು ಸಾಹೇಬರ ಫೋನು ಬಂತು. ನಾನು ಆಗ ಮೇಲೆಯೇ ಇದ್ದೆ, ಧನಶ್ರೀ ಸ್ಪೀಕರ್ ಹಾಕಿದಳು. ಸಾಹೇಬರು ಮೊದಲು ದುಃಖ ಹೇಳಿದರು. ಆಮೇಲೆ, ಹೊಸ ಡ್ರೈವರಿಗೆ ದಾರಿ ಗೊತ್ತಿಲ್ಲ, ಬಾಡಿಗೆ ಗಾಡಿ ಕೊಡಿಸುತ್ತೇನೆ, ಇದೊಂದು ಸಲ ನೀನೇ ಬಾ, ಬೋರ್ಡು ಇದೆಯಲ್ಲ ಅಂದರು. ಕೊನೆಗೆ ಹಿಂದಿಯಲ್ಲಿ, “ನಿನ್ನ ಹೆಂಡತಿ ಪುಣ್ಯವಂತೆ ನೋಡು ಶಿವಪ್ರಸಾದ್, ಹೋಗುವಾಗಲೂ ನಮ್ಮ ಕೆಲಸ ಹಗುರ ಮಾಡಿ ಹೋದಳು” ಅಂದರು.

ನನ್ನ ಕೈಯಲ್ಲಿ ಫೋನು ಇದ್ದಿದ್ದರೆ ಆ ಮನುಷ್ಯ ಜನ್ಮದಲ್ಲಿ ಕೇಳಿರದ ಮೈಸೂರು ಬೈಗುಳ ಕೇಳುತ್ತಿದ್ದ. ಶಿವಪ್ರಸಾದ್, “ಹೋ ಸಾಹೇಬ್, ಬರತೀನಿ” ಅಂದು ಫೋನು ಇಟ್ಟರು.

“ಪಪ್ಪಾ, ನಕೋ” ಅಂದಳು ಧನಶ್ರೀ. “ಹೋಗಬ್ಯಾಡ್ರಿ. ಹೋದ್ರ ಅವ್ವನ ಹೆಸರ ಮ್ಯಾಲ ಇನ್ನೊಂದ ಸುಳ್ಳು. ಹೋಗಿ ಖರೇ ಹೇಳಿದ್ರ ನಿಮ್ಮ ಪೆನ್ಶನ್ ಹೋಗತದ. ಎರಡೂ ನಕೋ. ಗಪ್ ಕೂಡ್ರಿ.”

“ಗಾಡಿ ಹೊಡಿಯಾಕ ಕರದಾರವ್ವಾ. ಹೊಡದ ಬರತೀನಿ” ಅಂದರು ಶಿವಪ್ರಸಾದ್. ಮಗಳು ನನ್ನ ಮುಖ ನೋಡಿದಳು. ನನಗೂ ಅವರ ಮೇಲೆ ಭರವಸೆ ಇರಲಿಲ್ಲ. ಶಿವಪ್ರಸಾದ್ ತಾರಸಿಗೆ ಹೋಗಿ ಇಟ್ಟಿಗೆ ಸರಿಸಿ ಬೋರ್ಡು ತಂದರು, ಒದ್ದೆ ಬಟ್ಟೆಯಿಂದ ಒರೆಸಿದರು, ಕೊಂಡಿಗಳಿಗೆ ಎಣ್ಣೆ ಬಿಟ್ಟರು. ಆ ಎಣ್ಣೆ ಬಿಡುವುದನ್ನು ನೋಡಿ ನಾನು ಕೆಳಗೆ ಬಂದುಬಿಟ್ಟೆ. ಟಾಕಿ ತೆರೆದೇ ಇತ್ತು, ಅದಕ್ಕೊಂದು ಪರಾತ ಮುಚ್ಚಿಸಿದೆ.

ತಪಾಸಣೆಯ ದಿನ ಬೆಳಗಿನ ಸಾವರಟೋಲಿ ಎಂದಿನಂತೆ ಆಯಿತು. ಊಟವೂ ಆಯಿತು. ಮ್ಯಾಡಮ್ಮು ಮಟನ್ನು ಮುಟ್ಟುವವರಲ್ಲ, ಮೊಸರನ್ನ ತಿಂದರಂತೆ. ಸಾಹೇಬರು, ಬೋರ್ಡು ಆಗಲೇ ತೂಗುಹಾಕಿ ಆಗಿದೆ ಎಂದುಕೊಂಡು, ಹೂವಿನ ಹಾರ ಹಿಡಿದು ನೀಲಿ ಗೋಡೆಯ ಹತ್ತಿರ ಕಾಯಲು ಮುಂದೆ ಹೋದರು. ಶಿವಪ್ರಸಾದ್ ಮ್ಯಾಡಮ್ಮನ್ನು ಕೂರಿಸಿಕೊಂಡು ಹೊರಟರು, ಒಳರಸ್ತೆ ಹಿಡಿದರು. ರಸ್ತೆ ಎರಡಾಗಿ ಒಡೆಯುವಲ್ಲಿ ಬಲಕ್ಕೆ ತಿರುಗಿಸಿದರು.

ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ಇಳಿದು, ಬಾಗಿಲು ತೆಗೆದು, “ಆಲಂ, ಮ್ಯಾಡಮ್” ಅಂದರು.

ಮ್ಯಾಡಮ್ಮು ಫೋನಿನಿಂದ ತಲೆಯೆತ್ತಿ ನೋಡಿದರೆ ಬೀಳು ಹೊಲ, ಆಡುಗಳು. ಎಲ್ಲಿದೆ ಎಂದು ಕೇಳಿದರು. ಶಿವಪ್ರಸಾದ್ ಡಿಕ್ಕಿ ತೆಗೆದು, ಬೆಡ್‌ಶೀಟ್ ಬಿಚ್ಚಿ, ಬೋರ್ಡನ್ನು ಬೇವಿನ ಕೊಂಬೆಗೆ ತೂಗುಹಾಕಿದರು. ಕೊಂಡಿ ಬರೋಬರ್ ಕೂತಿತು. ಇಷ್ಟೇ ಇರುವುದು, ನಾನು ತೂಗುಹಾಕಿದಲ್ಲಿ ಆಸ್ಪತ್ರೆ ಇರುತ್ತಿತ್ತು ಅಂದರು. ನಿಮ್ಮ ಫೈಲಿನಲ್ಲಿರುವ ಜಲಜಾ ನನ್ನ ಹೆಂಡತಿ, ಅವಳು ಸತ್ತದ್ದು ಇಲ್ಲಿ, ಈ ಮರದ ಕೆಳಗೆ, ಕಾರಿನಲ್ಲಿ ಅಂದರು. ಊರಿನ ಹೆಂಗಸರು ಅಷ್ಟರಲ್ಲಿ ಬಂದು ನಿಂತಿದ್ದರು, ಗೌತಮನೂ ಇದ್ದ. ಇದನ್ನೆಲ್ಲ ಆಮೇಲೆ ನನಗೆ ಹೇಳಿದವನು ಅವನೇ. ಕಾಕಾ ದನಿ ಎತ್ತಲಿಲ್ಲ, ಅದಕ್ಕೇ ನಮಗೆಲ್ಲ ಹೆದರಿಕೆಯಾಯಿತು ಅಂದ. ಮ್ಯಾಡಮ್ಮು ಬೋರ್ಡಿನ ಫೋಟೋ ತೆಗೆದರು. ಬಹಳ ಹೊತ್ತು ಬರೆದುಕೊಂಡರು.

ಆಮೇಲೆ ಏನಾಯಿತು ಎಂದು ಕೇಳಿದರೆ ನನ್ನ ರಕ್ತ ಕುದಿಯುತ್ತದೆ. ಮೊದಲ ನೋಟೀಸು ಬಂದದ್ದು ಶಿವಪ್ರಸಾದರಿಗೆ, ಮರಣದ ಬಗ್ಗೆ ಸುಳ್ಳು ಮಾಹಿತಿ ಕೊಟ್ಟದ್ದಕ್ಕೆ. ಎರಡನೆಯದು ಗೌತಮನಿಗೆ, ಅವನನ್ನು ಅಮಾನತ್ತು ಮಾಡಿದರು. ಸಾಹೇಬರ ಮೇಲೆ ವಿಚಾರಣೆ ನಡೆಯುತ್ತಿದೆಯಂತೆ, ಸದ್ಯ ಅವರು ಬೇರೆ ಜಿಲ್ಲೆಯಲ್ಲಿ ಬೇರೆ ಕುರ್ಚಿಯಲ್ಲಿದ್ದಾರೆ. ಒಂದು ಒಳ್ಳೆಯದೂ ಆಯಿತು, ಹೇಳಬೇಕು. ಖೈರಡೋಹದ ದೂರು ಮುಗಿಯಲಿಲ್ಲ. ಉಪಕೇಂದ್ರ ಇಲ್ಲ ಎಂದು ಸರಕಾರದ ಕಾಗದ ಮೊದಲ ಬಾರಿಗೆ ಒಪ್ಪಿಕೊಂಡಿತು. ಇನ್ನೂ ಇಲ್ಲ.

ಮೊನ್ನೆ ತಿದ್ದಿದ ಪ್ರಮಾಣಪತ್ರ ಬಂತು. ಶಿವಪ್ರಸಾದ್ ಅದನ್ನು ಹಿಡಿದುಕೊಂಡು ಕೆಳಗೆ ನಮ್ಮ ಮನೆಗೆ ಬಂದರು. ಮರಾಠಿ ಅವರಿಗೆ ನನಗಿಂತ ಚೆನ್ನಾಗಿ ಬರುತ್ತದೆ, ಆದರೂ ಓದಿ ಅಂದರು, ಕನ್ನಡದಾಗ ಓದ್ರಿ ಅಂದರು. ಓದಿದೆ. ಜಲಜಾ, ಗಂಡನ ಹೆಸರು ಶಿವಪ್ರಸಾದ್ ಬಡಿಗೇರ್, ಮರಣದ ಸ್ಥಳ ಖೈರಡೋಹ ಗ್ರಾಮದ ಹೊರಗೆ, ರಸ್ತೆ ಬದಿ.

“ಬರೋಬರ್ ಐತಿ” ಅಂದರು. ಕಾಗದ ಮಡಚಿ ಜೇಬಿಗಿಟ್ಟರು. ನಾನು ಕನ್ನಡಕ ತೆಗೆದಿಟ್ಟೆ.

“ಅಕ್ಕಾರ, ಒಂದು ಯಾರಿಗೂ ಹೇಳಿಲ್ಲ. ಧನಶ್ರೀಗೂ ಹೇಳಿಲ್ಲ. ಆಕಿಗೆ ಕಣ್ಣು ಕಾಣವಲ್ದಾಗಿತ್ತು. ಗಾಡಿ ನಿಂದ್ರಿಸಿದ ಕೂಡ್ಲೆ ನನ್ನ ಅಂಗಿ ಹಿಡದು, ‘ಆಸ್ಪತ್ರಿ ಬಂತೇನ್ರೀ?’ ಅಂದ್ಳು.”

“ನೀವೇನಂದ್ರಿ?”

“ಬಾಗಲಾ ತಗದ್ನಿ. ‘ಬಂತು’ ಅಂದ್ನಿ.”

ಅವರ ಮುಖ ಒಡೆದದ್ದು ಆಗ. ಅಡುಗೆಮನೆಯಿಂದ ನೀರು ತಂದುಕೊಟ್ಟೆ. ಅವರು ಲೋಟ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು, ಧನಶ್ರೀ ಕೆಲಸದಿಂದ ಬಂದು ಮೇಲಿನಿಂದ ಪಪ್ಪಾ ಎಂದು ಕರೆಯುವವರೆಗೂ.